ವರ್ಷಕ್ಕೆ 4,000 ಮೀನು ಗೇಣಿ: ಬ್ರೈಟನ್ ಊರಿನ ಧಣಿಗಳ ಕಥೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಈಗ ಲಂಡನ್ನಿನವರು ರಜೆ ಕಳೆಯಲು ಹೋಗುವ ಊರು. 1086ರಲ್ಲಿ ವಿಲಿಯಂ ದೊರೆ ಬರೆಸಿದ ಡೂಮ್ಸ್‌ಡೇ ಭೂಲೆಕ್ಕದಲ್ಲಿ ಅದರ ಹೆಸರು ಬ್ರಿಸ್ಟೆಲ್ಮೆಸ್ಟೂನೆ. ಆ ಒಂದೇ ಹಳ್ಳಿಯಲ್ಲಿ ಮೂರು ಮೇನರ್‌ಗಳಿದ್ದವು. ಜಮೀನು, ಅದಕ್ಕೆ ಅಂಟಿಕೊಂಡ ಒಕ್ಕಲುಗಳು, ಅವರು ಕೊಡುವ ಗೇಣಿ, ಮಾಡಿಕೊಡುವ ಬಿಟ್ಟಿ ಕೆಲಸ, ಧಣಿಯ ಹೆಸರಿನಲ್ಲಿ ಕೂಡುವ ನ್ಯಾಯಸಭೆ, ಇಷ್ಟೂ ಸೇರಿದರೆ ಒಂದು ಮೇನರ್.

ಮೂರರಲ್ಲಿ ಒಂದು ರಾಲ್ಫ್ ಎಂಬವನ ಕೈಲಿತ್ತು. ಹದಿನೆಂಟು ಒಕ್ಕಲು, ಒಂಬತ್ತು ಮಂದಿ ಗುಡಿಸಲುವಾಸಿಗಳು, ಒಬ್ಬ ಜೀತದಾಳು ಎಂದು ಎಣಿಸಿದ ಗುಮಾಸ್ತ ಅದರ ಜೊತೆಗೇ ಇನ್ನೊಂದು ಸಾಲು ಸೇರಿಸಿದ್ದಾನೆ: ಗೇಣಿ, 4,000 ಹೆರಿಂಗ್ ಮೀನು. ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಗೆ ಹತ್ತಿರದ ಸಂಬಂಧಿ. ಉಳಿದೆರಡು ಮೇನರ್‌ಗಳ ಲೆಕ್ಕದಲ್ಲಿ ಮೀನಿನ ಸುದ್ದಿಯೇ ಇಲ್ಲ. ವಿಡಾರ್ಡ್ ಎಂಬವನದ್ದರಲ್ಲಿ ಏಳು ಎಕರೆ ಹುಲ್ಲುಗಾವಲು, ವಿಲಿಯಂ ದ ವಾಟೆವಿಲ್‌ನದ್ದರಲ್ಲಿ ಒಂದು ಚರ್ಚು. ಹಾಗಾಗಿ ದೋಣಿಯವರು ಹೆಚ್ಚಾಗಿ ರಾಲ್ಫನ ಪಾಲಿನಲ್ಲೇ ಇದ್ದಿರಬೇಕು ಅನ್ನಿಸುತ್ತದೆ.

ಈ ಮೂವರೂ ಧಣಿಗಳೇನೋ ಹೌದು, ಆದರೆ ಅವರ ಮೇಲೊಬ್ಬ ಧಣಿ. ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ರ ಹೇಸ್ಟಿಂಗ್ಸ್ ಯುದ್ಧದಲ್ಲಿ ವಿಲಿಯಂ ದೊರೆಯ ಪರ ಕಾದಾಡಿ, ಬ್ರೈಟನ್ನೂ ಸೇರಿದ ಲೂಯಿಸ್ ಸೀಮೆಯನ್ನೇ ಉಂಬಳಿಯಾಗಿ ಪಡೆದ ನಾರ್ಮನ್ ಸರದಾರ ವಿಲಿಯಂ ದ ವಾರೆನ್. ಮೊದಲಿದ್ದ ಸ್ಯಾಕ್ಸನ್ ಧಣಿಗಳು ಹೋದರು, ಗೇಣಿ ಮಾತ್ರ ತಪ್ಪಲಿಲ್ಲ. ಯುದ್ಧದ ನಂತರ 5 ಪೌಂಡಿಗೆ ಕುಸಿದಿದ್ದ ರಾಲ್ಫನ ಮೇನರಿನ ಬೆಲೆ ಇಪ್ಪತ್ತು ವರ್ಷದೊಳಗೆ 12 ಪೌಂಡಿಗೆ ಏರಿತ್ತು.

ವಾರೆನ್ ಮನೆತನದವರು ಇದ್ದದ್ದು ಲೂಯಿಸ್ ಕೋಟೆಯಲ್ಲಿ. 1313ರಲ್ಲಿ ಜಾನ್ ದ ವಾರೆನ್ ಎರಡನೇ ಎಡ್ವರ್ಡ್ ದೊರೆಯಿಂದ ಬ್ರೈಟನ್ನಿಗೆ ವಾರದ ಸಂತೆಯ ಸನ್ನದು ಪಡೆದ. ಊರಿಗೆ ಉಪಕಾರವಾಯಿತು ನಿಜ, ಆದರೆ ಸಂತೆಯ ಸುಂಕ ಹೋಗುವುದು ಧಣಿಗೇ. 1347ರಲ್ಲಿ ಅವನು ಹಕ್ಕಿನ ಸಂತಾನವಿಲ್ಲದೆ ಸತ್ತಾಗ ಆಸ್ತಿ ಸೋದರಳಿಯ, ಅರುಂಡೆಲ್‌ನ ಅರ್ಲ್ ರಿಚರ್ಡ್ ಫಿಟ್ಸಲನ್‌ಗೆ ಬಂತು. ಆ ವಂಶದ ಥಾಮಸ್ ಫಿಟ್ಸಲನ್ ಕೂಡ 1415ರಲ್ಲಿ ಮಕ್ಕಳಿಲ್ಲದೆ ಸತ್ತ. ಸತ್ತವನ ಮೂವರು ಅಕ್ಕತಂಗಿಯರ ಕಡೆಯವರಿಗೆ ಆಸ್ತಿ ಪಾಲಾಯಿತು. ಮುಂದೆ ಆ ಪಾಲುಗಳೂ ಅರ್ಧ, ಕಾಲು ಎಂದು ಒಡೆದು ಕೈ ಬದಲಾಯಿಸುತ್ತಾ ಹೋದವು. ಊರೊಳಗೇ ಇದ್ದ ಇನ್ನೊಂದು ತುಂಡು ಮಿಚೆಲ್‌ಹ್ಯಾಮ್ ಮಠದ್ದು. ಎಂಟನೇ ಹೆನ್ರಿ ಮಠಗಳನ್ನು ಮುಟ್ಟುಗೋಲು ಹಾಕಿಕೊಂಡ ಮೇಲೆ ಅದು ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಹೋಯಿತು. ಅವನ ತಲೆ ಹಾರಿದ ಮೇಲೆ, ಹೆನ್ರಿ ಬಿಟ್ಟ ರಾಣಿ ಆನ್ ಆಫ್ ಕ್ಲೀವ್ಸ್‌ಳ ಜೀವನಾಂಶಕ್ಕೆ ಸೇರಿತು.

ಇಷ್ಟು ದೊಡ್ಡ ಹೆಸರುಗಳ ನಡುವೆ ಊರು ನಡೆಸುತ್ತಿದ್ದವರು ಮಾತ್ರ ಮೀನುಗಾರರು ಮತ್ತು ರೈತರು. ಈ ಎರಡು ಪಂಗಡದ ಜಗಳ ಎಷ್ಟು ಬೆಳೆದಿತ್ತೆಂದರೆ 1580ರಲ್ಲಿ ಸರ್ಕಾರದ ಕಡೆಯವರು ಬಂದು ಊರಿನ ಹಳೇ ಕಟ್ಟುಪಾಡುಗಳನ್ನು ಬರೆದಿಡಬೇಕಾಯಿತು. ಆಗ ಊರಿನಲ್ಲಿ 80 ದೋಣಿ, 400 ಮಂದಿ ನಾವಿಕರು, 10,000 ಬಲೆ. ಊರ ಆಡಳಿತ ನೋಡುವ ಹನ್ನೆರಡು ಜನರಲ್ಲಿ ಎಂಟು ಮಂದಿ ಮೀನುಗಾರರು, ನಾಲ್ವರು ರೈತರು.

ಮೇನರಿನ ಆಸ್ತಿಯನ್ನು ಯಾವ ವಾರಸುದಾರನೂ ಕರಗಿಸದಷ್ಟು ಕರಗಿಸಿದ್ದು ಸಮುದ್ರ. 14ನೇ ಶತಮಾನದ ತೆರಿಗೆ ಕಡತದಲ್ಲೇ 40 ಎಕರೆ ನೀರುಪಾಲಾದ ದೂರಿದೆ. ಕಡಲಂಚಿನ ಕಡಿದಾದ ಬಂಡೆಯ ಕೆಳಗೆ, ದಂಡೆಯ ಮೇಲೆಯೇ ಮೀನುಗಾರರ ಕೇರಿಯಿತ್ತು. ಅಲ್ಲಿನ ಗುಡಿಸಲು, ಸರಕಿನ ಕೊಠಡಿಗಳಿಗೂ ಮೇನರಿಗೆ ಬಾಡಿಗೆ. 1665ರ ಹೊತ್ತಿಗೆ ಅವುಗಳಲ್ಲಿ 22 ಹೋಗಿದ್ದವು, 113 ಉಳಿದಿದ್ದವು. 1703 ಮತ್ತು 1705ರ ಬಿರುಗಾಳಿಗಳು ಉಳಿದದ್ದನ್ನೂ ಗುಡಿಸಿ ಒಯ್ದವು.

ಬಂಡೆಯ ಮೇಲಿನ ಹೊಲಗಳು ಉಳಿದುಕೊಂಡವು. ಲೇನ್ ಎಂದು ಕರೆಯುವ ಐದು ದೊಡ್ಡ ಬಯಲುಗಳು, ಒಂದೊಂದರಲ್ಲೂ ಪಾಲ್ ಎಂಬ ಸಪೂರ ಪಟ್ಟಿಗಳು, ನಡುನಡುವೆ ಬಂಡಿದಾರಿ. ಒಬ್ಬನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ, ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದ ಗದ್ದೆಯ ಹಾಗೆ ಅಲ್ಲೊಂದು ಇಲ್ಲೊಂದು. 18ನೇ ಶತಮಾನದ ಕೊನೆಗೆ ಊರು ಬೆಳೆದು ಹೊಲಗಳ ಮೇಲೆ ಮನೆ ಏಳತೊಡಗಿದಾಗ, ಪಕ್ಕದ ಪಟ್ಟಿಯವನನ್ನು ಒಪ್ಪಿಸುವ ಗೋಜಿಗೆ ಹೋಗದೆ ತಂತಮ್ಮ ಪಟ್ಟಿಯಲ್ಲೇ ಕಟ್ಟಿದರು. ನಾರ್ತ್ ಲೇನ್ ಬಡಾವಣೆಯ ಟ್ರಫಾಲ್ಗರ್ ಸ್ಟ್ರೀಟ್, ನಾರ್ತ್ ರೋಡ್ ಆ ಹಳೇ ಬಂಡಿದಾರಿಗಳೇ. ಅವುಗಳ ನಡುವಿನ ಇಕ್ಕಟ್ಟು ಬೀದಿಗಳು ಪಟ್ಟಿಗಳ ಜಾಡಿನಲ್ಲೇ ಹೋಗುತ್ತವೆ.

ವಿಶಾಲವಾಗಿ ಕಟ್ಟಲು ಮೊದಲು ಪಟ್ಟಿಗಳನ್ನು ಒಂದೇ ಕೈಗೆ ತರಬೇಕಿತ್ತು. ಪೂರ್ವದ ಬಯಲಿನಲ್ಲಿ ಆ ಕೆಲಸ ಮಾಡಿದವನು ಥಾಮಸ್ ರೀಡ್ ಕೆಂಪ್. ಮೇನರಿನ ಅರ್ಧ ಪಾಲು ಅವನಿಗೆ ಅಪ್ಪನಿಂದ ಬಂದಿತ್ತು. 1823ರಲ್ಲಿ ಶುರುವಾದ ಕೆಂಪ್ ಟೌನ್‌ನ ಅರ್ಧಚಂದ್ರಾಕಾರದ ಮನೆಸಾಲು ಇಂದಿಗೂ ಇದೆ. ಆದರೆ ಮನೆಗಳು ಬೇಗ ಮಾರಾಟವಾಗಲಿಲ್ಲ. ಸಾಲ ಕೊಟ್ಟವರ ಕಾಟ ತಾಳದೆ 1837ರಲ್ಲಿ ಕೆಂಪ್ ದೇಶ ಬಿಟ್ಟ. 1844ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.