ಎಳ್ಳುಕಾಳಿನಷ್ಟು ಮರಿ, ಏಡಿಯೇ ಬೇಕೆಂಬ ಹಟ

ಆಕ್ಟೋಪಸ್ ಸಾಕುವುದು ಕಷ್ಟ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅದರ ಬುದ್ಧಿ. ಮುಚ್ಚಳ ಸರಿಸಿ ತೊಟ್ಟಿಯಿಂದ ಪರಾರಿಯಾಗುವ ಕಥೆಗಳನ್ನು ಕೇಳಿದ್ದೀರಲ್ವಾ? ಆದರೆ ವಿಜ್ಞಾನಿಗಳನ್ನು ದಶಕಗಟ್ಟಲೆ ಸತಾಯಿಸಿದ್ದು ದೊಡ್ಡ ಆಕ್ಟೋಪಸ್ ಅಲ್ಲ, ಅದರ ಮರಿ. ಅದಕ್ಕೆ ಏನು ತಿನ್ನಿಸಬೇಕು ಅನ್ನುವುದೇ ಬಗೆಹರಿಯಲಿಲ್ಲ.

ಸ್ಪೇನ್ ಕರಾವಳಿಯ ಆಕ್ಟೋಪಸ್ ವಲ್ಗಾರಿಸ್ ಎಂಬ ಜಾತಿ ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ತಾಯಿ ಊಟ ಬಿಟ್ಟು ಕಾವಲು ಕೂರುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಮರಿ ಇರುವುದು ಸುಮಾರು 3 ಮಿಲಿಮೀಟರ್, ಎಳ್ಳುಕಾಳಿನಷ್ಟು. ಒಂದೊಂದು ತೋಳಿಗೂ ಬರೀ 3 ಹೀರುಬಟ್ಟಲು. ಸಮುದ್ರದ ತಳಕ್ಕಿಳಿದು ಬದುಕುವ ಮೊದಲು ಇದು ಒಂದೆರಡು ತಿಂಗಳು ನೀರಲ್ಲೇ ತೇಲಬೇಕು. ತೊಂದರೆಯೆಲ್ಲ ಈ ತೇಲುವ ದಿನಗಳದ್ದೇ.

ಇಷ್ಟು ಚಿಕ್ಕದಾದರೂ ಇದು ಪಕ್ಕಾ ಬೇಟೆಗಾರ. ಏಡಿಯ ಲಾರ್ವಾ, ಅಂದರೆ ನೀರಲ್ಲಿ ತೇಲುವ ಎಳೆ ಮರಿ, ಕಣ್ಣಿಗೆ ಬಿದ್ದರೆ ಅದರ ಕಡೆ ತಿರುಗುತ್ತದೆ, ಒಮ್ಮೆಲೇ ನುಗ್ಗಿ ತೋಳುಗಳಲ್ಲಿ ಹಿಡಿಯುತ್ತದೆ. ಕಚ್ಚಿ ಒಳಗೆ ಜೊಲ್ಲು ಬಿಡುತ್ತದೆ. ಆ ಜೊಲ್ಲಿನ ಕಿಣ್ವಗಳು ಬೇಟೆಯ ಮಾಂಸವನ್ನು ಚಿಪ್ಪಿನೊಳಗೇ ಕರಗಿಸುತ್ತವೆ. ಮರಿ ಅದನ್ನು ಹೀರಿಕೊಂಡು ಖಾಲಿ ಚಿಪ್ಪನ್ನು ಕೈಬಿಡುತ್ತದೆ. ಅಂದರೆ ಅರ್ಧ ಜೀರ್ಣಕ್ರಿಯೆ ಹೊಟ್ಟೆಯ ಹೊರಗೇ ಮುಗಿದಿರುತ್ತದೆ. ಸುಮ್ನೆ ಪುಡಿ ಆಹಾರ ಉದುರಿಸಿದರೆ ಇಂಥ ಮರಿ ತಿನ್ನುವುದು ಕಷ್ಟವೇ.

ಹಾಗಾಗಿ ಮೊಟ್ಟೆಯೊಡೆಸಿ ಮರಿ ಬೆಳೆಸುವ ಹ್ಯಾಚರಿಯವರು ಹಳೇ ಗೆಳೆಯ ಆರ್ಟೀಮಿಯಾವನ್ನೇ ನೆಚ್ಚಿಕೊಂಡರು. ನಮ್ಮ ದೇಶದ ಸೀಗಡಿ ಹ್ಯಾಚರಿಗಳಲ್ಲೂ ಬಳಸುವ ಉಪ್ಪುನೀರಿನ ಜೀವಿ ಇದು. ಒಣಗಿದ ಮೊಟ್ಟೆಯನ್ನು ಡಬ್ಬಿಯಿಂದ ತೆಗೆದು ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿ ರೆಡಿ. ಆಕ್ಟೋಪಸ್ ಮರಿ ಇದನ್ನು ಹಿಡಿಯುತ್ತದೆ, ತಿನ್ನುತ್ತದೆ. ಆಮೇಲೆ ಸಾಯುತ್ತದೆ! ಬರೀ ಆರ್ಟೀಮಿಯಾ ತಿಂದ ಮರಿಗಳಲ್ಲಿ ಹೆಚ್ಚಿನವು ತಳಕ್ಕಿಳಿಯುವ ಹಂತ ಮುಟ್ಟುತ್ತಲೇ ಇರಲಿಲ್ಲ.

ಹೊಟ್ಟೆ ತುಂಬಿದ್ದರೂ ಯಾಕೆ ಸಾಯಬೇಕು? ಮರಿಯ ಮೈಯಲ್ಲಿ ಕೊಬ್ಬು ಕಮ್ಮಿ. ಆದರೆ ಇರುವುದರಲ್ಲಿ ಜೀವಕೋಶದ ಪೊರೆ ಕಟ್ಟುವ ಫಾಸ್ಫೋಲಿಪಿಡ್ ಎಂಬ ಕೊಬ್ಬು ಜಾಸ್ತಿ, ಅದರಲ್ಲೂ ಡಿಎಚ್‌ಎ ಎಂಬ ಒಮೆಗಾ-3 ಜಾಸ್ತಿ. ದಿನದಿನಕ್ಕೂ ಬೆಳೆಯುವ ಮಿದುಳಿಗೆ, ಕಣ್ಣಿಗೆ ಇದು ಬೇಕೇ ಬೇಕು. ಆರ್ಟೀಮಿಯಾದಲ್ಲಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಮ್ಮಿ. ಸರಿ, ಆರ್ಟೀಮಿಯಾಕ್ಕೇ ಮೀನೆಣ್ಣೆ ತಿನ್ನಿಸಿ ಆಮೇಲೆ ಮರಿಗೆ ಕೊಡೋಣ ಅಂದರೆ, ಅದು ಡಿಎಚ್‌ಎಯನ್ನು ತನ್ನ ಮೈಯೊಳಗೇ ಬೇರೆ ಕೊಬ್ಬಿನಾಮ್ಲವಾಗಿ ಬದಲಿಸಿಬಿಡುತ್ತದೆ. ಉಳಿದದ್ದೂ ಮರಿಗೆ ಬೇಕಾದ ರೂಪದಲ್ಲಿರುವುದಿಲ್ಲ. ತಾಮ್ರದ್ದೂ ಇದೇ ಗೋಳು. ಆಕ್ಟೋಪಸ್ಸಿನ ನೀಲಿ ರಕ್ತ ಆಮ್ಲಜನಕ ಹೊರುವುದು ತಾಮ್ರದ ಬಲದಿಂದ, ಆರ್ಟೀಮಿಯಾದಲ್ಲಿ ಅದೂ ಕಮ್ಮಿ.

ಏಡಿ, ಸೀಗಡಿ ಲಾರ್ವಾಗಳಲ್ಲಿ ಇದೆಲ್ಲ ಹುಟ್ಟಿನಿಂದಲೇ ಇರುತ್ತದೆ. 1963ರಷ್ಟು ಹಿಂದೆಯೇ ಜಪಾನಿನಲ್ಲಿ ಸೀಗಡಿ ಲಾರ್ವಾ ಕೊಟ್ಟು ಮರಿಗಳನ್ನು ತಳಕ್ಕಿಳಿಯುವವರೆಗೆ ಬೆಳೆಸಿ ತೋರಿಸಿದ್ದರು. ನಂತರ ಸ್ಪೇನಿನ ವಿಗೋದಲ್ಲಿ ಆರ್ಟೀಮಿಯಾ ಜೊತೆ ಜೇಡ ಏಡಿಯ ಲಾರ್ವಾ ಕೊಟ್ಟು ಮರಿಗಳನ್ನು ದೊಡ್ಡದು ಮಾಡಿದರು. ದಾರಿಯೇನೋ ಸಿಕ್ಕಿತು, ಆದರೆ ದುಬಾರಿ ದಾರಿ. ಲಕ್ಷಾಂತರ ಮರಿಗಳಿಗೆ ದಿನಾ ಜೀವಂತ ಏಡಿ ಲಾರ್ವಾ ಬೇಕೆಂದರೆ ಪಕ್ಕದಲ್ಲೇ ಇನ್ನೊಂದು ಏಡಿ ಹ್ಯಾಚರಿ ನಡೆಸಬೇಕು.

ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಆಕ್ಟೋಪಸ್ ಮಾಯಾಗೆ ಈ ರಗಳೆಯೇ ಇಲ್ಲ. ಅದರ ಮೊಟ್ಟೆಗಳು ಲೆಕ್ಕದಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು, ಸುಮಾರು 17 ಮಿಲಿಮೀಟರ್ ಉದ್ದ. ಮರಿ ಹುಟ್ಟುತ್ತಲೇ ತಳದಲ್ಲಿ ಓಡಾಡುತ್ತದೆ. ಸ್ಕ್ವಿಡ್, ಏಡಿ ಮಾಂಸ ಅರೆದು ಜೆಲಾಟಿನ್‌ನಲ್ಲಿ ಗಟ್ಟಿ ಮಾಡಿ ಕೊಟ್ಟರೂ ತಿನ್ನುತ್ತದೆ.

ವಲ್ಗಾರಿಸ್ ಕೂಡ ಒಮ್ಮೆ ತಳ ಹಿಡಿದರೆ ಅಷ್ಟು ಕಾಡಿಸುವುದಿಲ್ಲ. ಸ್ಪೇನಿನ ಗಲೀಸಿಯಾ ಪ್ರಾಂತ್ಯದಲ್ಲಿ ಸಮುದ್ರದಿಂದ ಹಿಡಿದ ಸುಮಾರು ಒಂದು ಕಿಲೋದ ಆಕ್ಟೋಪಸ್ಸನ್ನು ಪಂಜರದಲ್ಲಿಟ್ಟು ಮೂರ್ನಾಲ್ಕು ತಿಂಗಳಲ್ಲಿ 3 ಕಿಲೋಗೆ ತಂದದ್ದುಂಟು. ಆಗಲೂ ಏಡಿಯೇ ಅಚ್ಚುಮೆಚ್ಚು. ಕೊಬ್ಬು ಜಾಸ್ತಿಯಿರುವ ಸಾರ್ಡೀನ್ ಕೊಟ್ಟರೆ ಬೆಳವಣಿಗೆ ಕುಂಟುತ್ತದೆ, ಕೊಬ್ಬು ಅರಗಿಸುವುದು ಅದಕ್ಕೆ ಅಷ್ಟಕ್ಕಷ್ಟೆ.

2019ರಲ್ಲಿ ಸ್ಪೇನಿನ ನುಎವಾ ಪೆಸ್ಕನೋವಾ ಕಂಪನಿ, ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಚಕ್ರವನ್ನು ಸಾಕಣೆಯಲ್ಲೇ ಮುಗಿಸಿದ್ದೇವೆ ಎಂದು ಘೋಷಿಸಿತು. ಸ್ಪೇನಿಗೇ ಸೇರಿದ ಕ್ಯಾನರಿ ದ್ವೀಪದಲ್ಲಿ ವರ್ಷಕ್ಕೆ 3,000 ಟನ್ ಬೆಳೆಯುವ ಯೋಜನೆಯನ್ನೂ ಮುಂದಿಟ್ಟಿತು. ವಿರೋಧ ಜೋರಾಯಿತು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು ಆಕ್ಟೋಪಸ್ ಸಾಕಣೆಯನ್ನೇ ನಿಷೇಧಿಸಿದವು. ಜಗಳವೆಲ್ಲ ಹೆಚ್ಚಾಗಿ ಅದರ ಬುದ್ಧಿ, ನೋವಿನ ಸುತ್ತಲೇ. ಅದು ಸರಿಯಾದ ಪ್ರಶ್ನೆಯೇ. ಆದರೆ ನನ್ನನ್ನು ಕೇಳಿದರೆ ಊಟದ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು: ಹುಟ್ಟಿದಾಗಿನಿಂದ ಮಾಂಸವನ್ನೇ ತಿನ್ನುವ ಈ ಪ್ರಾಣಿಗೆ ಬೇಕಾದ ಏಡಿ, ಮೀನು ಬರುವುದು ಯಾವ ಸಮುದ್ರದಿಂದ?