ಸೀಟು ಯಾವುದೆಂದು ತಿಳಿದ ಮೇಲೆ ಪರೀಕ್ಷೆ

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳ ಪೋಷಕರು ನನ್ನೆದುರು ಕುಳಿತಾಗ ಕೇಳುವುದು ಬಹುತೇಕ ಒಂದೇ ಮಾತು: “ಎಲ್ಲ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕಿಬಿಡೋಣ, ಒಂದಲ್ಲ ಒಂದು ಕೈಹಿಡಿದೀತು.” ಅರ್ಜಿ ಹಾಕಲು ಅರ್ಧ ಗಂಟೆ ಸಾಕು. ಓದಬೇಕಾದ ಮಗುವಿನ ದಿನಗಳು ಮಾತ್ರ ಅಷ್ಟೇ ಇರುತ್ತವೆ. ಹಾಗಾಗಿ ನಾನು ಅವರ ಮುಂದೆ ಒಂದು ಖಾಲಿ ಹಾಳೆ ಇಡುತ್ತೇನೆ. ಸೀಟು ಸಿಕ್ಕರೆ ನಿಜಕ್ಕೂ ಹೋಗಿ ಸೇರುವ ಕಾಲೇಜುಗಳನ್ನಷ್ಟೇ ಬರೆಯಿರಿ ಎನ್ನುತ್ತೇನೆ.

ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ ಎಂದು ಬರೆದವರಿಗೆ ನೀಟ್ ಒಂದೇ ದಾರಿ. ಬಿಎಸ್ಸಿ ಕೃಷಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ. ತಲೆಕೆಡಿಸುವುದು ಎಂಜಿನಿಯರಿಂಗ್. ಸುರತ್ಕಲ್‌ನ ಎನ್‌ಐಟಿಕೆ ಅಥವಾ ರಾಯಚೂರಿನ ಐಐಐಟಿ ಹಾಳೆಯಲ್ಲಿದ್ದರೆ ಜೆಇಇ ಮೇನ್ ಬರೆಯಲೇಬೇಕು. ಧಾರವಾಡದ ಐಐಟಿ ಇದ್ದರೆ ಅದರ ಮೇಲೆ ಜೆಇಇ ಅಡ್ವಾನ್ಸ್ಡ್ ಕೂಡ. ಸರ್ಕಾರಿ ಕಾಲೇಜಿಗೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಸಿಇಟಿ. ಅದೇ ಖಾಸಗಿ ಕಾಲೇಜಿನ ದುಬಾರಿ ಸೀಟಿಗೆ ಆ ಕಾಲೇಜುಗಳ ಒಕ್ಕೂಟವೇ ನಡೆಸುವ ಕಾಮೆಡ್‌-ಕೆ. ಆ ಶುಲ್ಕ ಮನೆಗೆ ನಿಲುಕದು ಎಂದಿದ್ದರೆ ಈಗಲೇ ಮಗುವಿನ ಮುಂದೆ ಹೇಳಿ. ರ‍್ಯಾಂಕ್ ಬಂದ ಮೇಲೆ ಹೇಳಿದಾಗ ಆ ಮುಖಗಳು ಹೇಗೆ ಬಾಡುತ್ತವೆಂದು ನಾನು ಕಂಡಿದ್ದೇನೆ.

ಇನ್ನು, ಬಹಳ ಮಂದಿ ಮರೆಯುವ ಒಂದು ಲೆಕ್ಕ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 90 ಪಡೆದವಳ ಒಟ್ಟು ಶೇ 72.5. ಪಿಯುಸಿಯಲ್ಲಿ 225, ಸಿಇಟಿಯಲ್ಲಿ 117 ಪಡೆದವನದು ಶೇ 70. ಇಪ್ಪತ್ತೇಳು ಪ್ರಶ್ನೆ ಹೆಚ್ಚು ಸರಿ ಮಾಡಿಯೂ ಅವನು ಹಿಂದೆ ಬಿದ್ದ! ಕೋಚಿಂಗ್‌ಗಾಗಿ ಪಿಯುಸಿ ಪಠ್ಯವನ್ನು ಮೂಲೆಗಿಟ್ಟವರು ಈ ಎರಡು ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಕಾಮೆಡ್‌-ಕೆ ರ‍್ಯಾಂಕಿಗೆ ಪಿಯುಸಿ ಅಂಕ ಸೇರುವುದಿಲ್ಲ.

ಪಠ್ಯ ಹೆಚ್ಚುಕಡಿಮೆ ಒಂದೇ ಆದರೂ ಪರೀಕ್ಷೆಗಳ ನಡಿಗೆ ಬೇರೆ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ತಪ್ಪಿಗೆ ಒಂದು ಅಂಕ ಕಡಿತ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಕಾಮೆಡ್‌-ಕೆಯಲ್ಲಿ ಪ್ರಶ್ನೆಗೊಂದೇ ನಿಮಿಷ. ಇವೆರಡರಲ್ಲೂ ಋಣಾತ್ಮಕ ಅಂಕವಿಲ್ಲ. ವರ್ಷವಿಡೀ ಜೆಇಇ ಅಭ್ಯಾಸ ಮಾಡಿದ್ದ ಹುಡುಗನೊಬ್ಬನಿಗೆ ಸಿಇಟಿಯ ಹಳೆಯ ಗಣಿತ ಪ್ರಶ್ನೆಪತ್ರಿಕೆ ಬರೆಸಿದೆ. ಒಎಂಆರ್ ಹಾಳೆಯಲ್ಲಿ ಹನ್ನೊಂದು ಸಾಲು ಬೆಳ್ಳಗೆ ಉಳಿದಿದ್ದವು. “ಖಚಿತವಿರಲಿಲ್ಲ ಸರ್” ಎಂದ. ತಪ್ಪಿನ ಭಯ ಕೈಗೆ ಅಂಟಿಕೊಂಡುಬಿಟ್ಟಿತ್ತು. ಬಿಟ್ಟ ಪ್ರಶ್ನೆಗೆ ಅಲ್ಲಿ ಸೊನ್ನೆ, ತಪ್ಪಿಗೂ ಸೊನ್ನೆ.

ಆದ್ದರಿಂದ ಅರ್ಜಿಗೆ ಮೊದಲು ಹಾಳೆಯಲ್ಲಿ ಉಳಿದ ಪ್ರತಿ ಪರೀಕ್ಷೆಯ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಸಿ, ಭಾನುವಾರಕ್ಕೊಂದರಂತೆ. ನನ್ನ ಅನುಭವದಲ್ಲಿ ಪಿಯುಸಿಯ ಜೊತೆಗೆ ಎರಡು ಪರೀಕ್ಷೆಗಳನ್ನು ಮಕ್ಕಳು ಚೆನ್ನಾಗಿ ನಿಭಾಯಿಸುತ್ತಾರೆ. ಮೂರನೆಯದು ಬೇಕೆನ್ನುವವರಿಗೆ, ಅದಕ್ಕೆ ಯಾವ ವಿಷಯದ ಯಾವ ಗಂಟೆಯನ್ನು ಕೊಡುತ್ತೀರೆಂದು ವೇಳಾಪಟ್ಟಿಯಲ್ಲಿ ಬೆರಳಿಟ್ಟು ತೋರಿಸಲು ಹೇಳುತ್ತೇನೆ.