ಮಣ್ಣಲ್ಲಿ ಸಿಗೋ 'ಕ್ರೀಗ್ಸ್‌ಆಬ್‌ಟ್ಸೈಖೆನ್' ಅಂದ್ರೆ ಏನು, ಗುರುತು ಹಿಡಿಯೋದು ಹೇಗೆ

ಫ್ರಾನ್ಸಿನ ನಾರ್ಮಂಡಿ ಕರಾವಳಿಲೋ ಲಾಟ್ವಿಯಾದ ಹೊಲಗಳಲ್ಲೋ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಸುತ್ತೋರಿಗೆ ಆಗಾಗ ಮೊಟ್ಟೆಯಾಕಾರದ ಒಂದು ಲೋಹದ ತುಂಡು ಸಿಗುತ್ತೆ, ಸುತ್ತ ಎಲೆಗಳ ಹಾರ, ಮೇಲೆ ಹದ್ದು, ಅದರ ಕಾಲಡಿ ನಾಜಿ ಸ್ವಸ್ತಿಕ, ನಡುವೆ ಹಡಗೋ ನೀರಿನ ಕಂಬವೋ ಇನ್ನೇನೋ. ಸಿಕ್ಕಿದ ತಕ್ಷಣ ಎಲ್ರೂ ಮೆಡಲ್ ಸಿಕ್ತು ಅಂತಾರೆ. ಮೆಡಲ್ ಅಲ್ಲ ಅದು. ಜರ್ಮನ್ನರು ಅದನ್ನ ಕ್ರೀಗ್ಸ್‌ಆಬ್‌ಟ್ಸೈಖೆನ್ ಅಂತಿದ್ರು, ಅಂದ್ರೆ ಯುದ್ಧದ ಬ್ಯಾಡ್ಜ್. ಇಲ್ಲಿ ಹೇಳ್ತಿರೋದು 1935ರಿಂದ 1945ರವರೆಗೆ ಕ್ರೀಗ್ಸ್‌ಮರೀನ ಅಂತ ಹೆಸರಿದ್ದ ಜರ್ಮನ್ ನೌಕಾಪಡೆಯ ಬ್ಯಾಡ್ಜ್‌ಗಳ ಬಗ್ಗೆ ಮಾತ್ರ, ಭೂಸೇನೆದೂ ವಾಯುಪಡೆದೂ ಬೇರೆನೇ ಕಥೆ.

ಮೆಡಲ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ಐರನ್ ಕ್ರಾಸ್ ಥರದ್ದು ಶೌರ್ಯಕ್ಕೆ ಕೊಡ್ತಿದ್ದಿದ್ದು, ಈ ಬ್ಯಾಡ್ಜು ನೀನು ಯಾವ ಥರದ ಹಡಗಲ್ಲಿ ಯಾವ ಕೆಲಸ ಮಾಡ್ದೆ ಅನ್ನೋದಕ್ಕೆ. ಸಬ್‌ಮರೀನ್‌ನಲ್ಲಿ ಎರಡು ಸಲ ಯುದ್ಧದ ಗಸ್ತು ಮುಗಿಸಿ ಬಂದ್ರೆ ಒಂದು ಬ್ಯಾಡ್ಜು, ಮೈನ್ (ಸಮುದ್ರದಲ್ಲಿ ಹಾಕಿರೋ ಸಿಡಿಗುಂಡು) ತೆಗೆಯೋ ಹಡಗಲ್ಲಿ ಮೂರು ಸಲ ಕಾರ್ಯಾಚರಣೆಗೆ ಹೋದ್ರೆ ಇನ್ನೊಂದು, ಗಾಯ ಆದ್ರೆ ಅಥವಾ ಹಡಗೇ ಮುಳುಗಿದ್ರೆ ಲೆಕ್ಕ ಅಷ್ಟು ಬಿಗಿಯಾಗಿ ನೋಡ್ತಿರ್ಲಿಲ್ಲ. ಯೂನಿಫಾರ್ಮಿನ ಎಡಗಡೆ ಎದೆ ಮೇಲೆ ಪಿನ್ ಮಾಡ್ಕೋತಿದ್ರು. ಹಾಗಾಗಿ ಮಣ್ಣಿಂದ ಬಂದ ಬ್ಯಾಡ್ಜ್ ನೋಡಿ ಅದನ್ನ ಹಾಕ್ಕೊಂಡಿದ್ದವನು ದೊಡ್ಡ ವೀರ ಅಂತ ಹೇಳಕ್ಕಾಗಲ್ಲ, ಆದ್ರೆ ಅವನ ಕೆಲಸ ಏನಿತ್ತು ಅಂತ ಹೆಚ್ಚೂಕಮ್ಮಿ ಗ್ಯಾರಂಟಿಯಾಗಿ ಹೇಳಬಹುದು, ನನಗೆ ಇದೇ ಜಾಸ್ತಿ ಇಂಟ್ರೆಸ್ಟಿಂಗ್ ಅನ್ಸುತ್ತೆ.

ಗುರುತು ಹಿಡಿಯಕ್ಕೆ ಮೊದಲು ಆಕಾರ ನೋಡಿ. ಅಗಲ ಜಾಸ್ತಿ ಎತ್ತರ ಕಮ್ಮಿ, ಅಂದ್ರೆ ಮೊಟ್ಟೆ ಅಡ್ಡ ಮಲಗಿದ ಹಾಗಿದ್ರೆ ಅದು ಬಹುತೇಕ ಯು-ಬೋಟ್ ಅಂದ್ರೆ ಜರ್ಮನ್ ಸಬ್‌ಮರೀನ್‌ನವರ ಬ್ಯಾಡ್ಜು, ಮಿಕ್ಕವು ಹೆಚ್ಚಿನವು ನೆಟ್ಟಗೆ ನಿಂತ ಮೊಟ್ಟೆಗಳು. ಯು-ಬೋಟ್ ಬ್ಯಾಡ್ಜ್ ಶುರುವಾಗಿದ್ದು 1939ರ ಅಕ್ಟೋಬರ್‌ನಲ್ಲಿ, ಯುದ್ಧ ಶುರುವಾಗಿ ಒಂದೂವರೆ ತಿಂಗಳಿಗೇ. ಡಿಸೈನ್ ಪೂರ್ತಿ ಹೊಸದೇನಲ್ಲ, 1918ರಲ್ಲೇ ಜರ್ಮನ್ ಚಕ್ರವರ್ತಿ ಕೈಸರ್ ಕಾಲದಲ್ಲಿ ಇದೇ ಥರದ್ದು ಬಂದಿತ್ತು, ಆದ್ರೆ ಅದರ ತಲೆ ಮೇಲೆ ಹದ್ದಿರಲಿಲ್ಲ, ಕಿರೀಟ ಇತ್ತು. ಕಿರೀಟ ಕಂಡ್ರೆ ಮೊದಲನೇ ಮಹಾಯುದ್ಧ, ಹದ್ದು ಕಂಡ್ರೆ ಎರಡನೇದು, ಇಷ್ಟು ಸುಲಭದ ವಿಷಯದಲ್ಲೂ ಜನ ಎಡವ್ತಾರೆ. ಅಂದಹಾಗೆ 1943ರ ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಸುಭಾಷ್‌ಚಂದ್ರ ಬೋಸರನ್ನ ಕರ್ಕೊಂಡು ಹೊರಟು ಏಪ್ರಿಲ್ ಕೊನೆಗೆ ಮಡಗಾಸ್ಕರ್ ಹತ್ರ ಜಪಾನಿನ ಸಬ್‌ಮರೀನ್‌ಗೆ ದಾಟಿಸಿದ ಯು-180 ಕೂಡ ಇಂಥದೇ ಒಂದು ಯು-ಬೋಟು, ಅದರ ನಾವಿಕರೂ ಈ ಬ್ಯಾಡ್ಜಿಗೆ ಲೆಕ್ಕ ಸೇರೋರೇ.

ನಡುವೆ ನೀರಿನ ಕಂಬ ಚಿಮ್ಮಿದ ಹಾಗಿದ್ರೆ ಅದು ಮೈನ್ ತೆಗೆಯೋರದ್ದು, ಸಬ್‌ಮರೀನ್ ಬೇಟೆಯವರದ್ದು, ಬೆಂಗಾವಲು ಹಡಗುಗಳವರದ್ದು, ಎಲ್ಲ ಸೇರಿಸಿ ಒಂದೇ ಬ್ಯಾಡ್ಜು, 1940ರದ್ದು. ತೀರದ ತೋಪು ಇದ್ರೆ ಮರೀನ್ ಆರ್ಟಿಲರಿ, 1941ರದ್ದು. ನೆಲದಲ್ಲಿ ಸಿಗೋ ಸಾಧ್ಯತೆ ಜಾಸ್ತಿ ಇರೋದು ಇವರದ್ದೇ, ಯಾಕಂದ್ರೆ ಇವರು ಹೆಸರಿಗೆ ನೌಕಾಪಡೆ ಆದ್ರೂ ಇದ್ದಿದ್ದು ದಡದಲ್ಲಿ, ಕಾಂಕ್ರೀಟ್ ಬಂಕರ್‌ಗಳಲ್ಲಿ. ನಾರ್ಮಂಡಿಯ ಲೋಂಗ್-ಸುರ್-ಮೇರ್‌ನಲ್ಲಿ ನಾಲ್ಕು 150 ಮಿಲಿಮೀಟರ್ ತೋಪುಗಳು ಇವತ್ತಿಗೂ ಇವೆ, ಅದು ನೌಕಾಪಡೆಯೇ ಕಟ್ಟಿಸಿದ ತೋಪುಗಳ ನೆಲೆ.

ಡಿಸ್ಟ್ರಾಯರ್ ಅನ್ನೋ ವೇಗದ ಯುದ್ಧನೌಕೆಯವರ ಬ್ಯಾಡ್ಜ್ ನೋಡಕ್ಕೆ ಚೆನ್ನಾಗಿರುತ್ತೆ, ಹಡಗಿನ ಮೂತಿ ಹಾರದ ಅಂಚು ದಾಟಿ ಆಚೆ ಬಂದಿರುತ್ತೆ. ಇದು ಹುಟ್ಟಿದ್ದು 1940ರ ಜೂನ್‌ನಲ್ಲಿ, ನಾರ್ವೆಯ ನಾರ್ವಿಕ್‌ನಲ್ಲಿ ಏಪ್ರಿಲ್ ತಿಂಗಳು ಜರ್ಮನ್ನರ ಹತ್ತು ಡಿಸ್ಟ್ರಾಯರ್‌ಗಳು ನಾಶವಾದವಲ್ಲ, ಅಲ್ಲಿ ಹೋರಾಡಿದವರಿಗೆ ಅಂತ ಮೊದಲು ಮಾಡಿದ್ದು, ಆಮೇಲೆ ಎಲ್ಲ ಡಿಸ್ಟ್ರಾಯರ್‌ನವರಿಗೂ ಬಂತು. ಅದರ ಮೇಲಿರೋದು ವಿಲ್‌ಹೆಲ್ಮ್ ಹೈಡ್‌ಕಾಂಪ್ ಅನ್ನೋ ಹಡಗಿನ ಚಿತ್ರ, ಅದೂ ನಾರ್ವಿಕ್‌ನಲ್ಲೇ ಮುಳುಗಿದ್ದು. ದೊಡ್ಡ ಯುದ್ಧನೌಕೆ ಎದುರಿಗೇ ನುಗ್ಗಿ ಬರ್ತಿರೋ ಹಾಗಿದ್ರೆ ಫ್ಲೀಟ್ ಬ್ಯಾಡ್ಜು, ಅಂದ್ರೆ ದೊಡ್ಡ ಯುದ್ಧನೌಕೆಗಳವರದ್ದು. ಭೂಗೋಳದ ಮೇಲೆ ವೈಕಿಂಗ್ ಹಡಗಿದ್ರೆ, ವ್ಯಾಪಾರಿ ಹಡಗಿನ ವೇಷ ಹಾಕ್ಕೊಂಡು ದಾಳಿ ಮಾಡ್ತಿದ್ದ ಆಕ್ಸಿಲರಿ ಕ್ರೂಸರ್‌ಗಳದ್ದು, ಇವುಗಳಲ್ಲಿ ಪಿಂಗ್ವಿನ್ ಅನ್ನೋದು ನಮ್ಮ ಹಿಂದೂ ಮಹಾಸಾಗರದಲ್ಲೇ 1941ರ ಮೇ 8ಕ್ಕೆ ಬ್ರಿಟಿಷರ ಕಾರ್ನ್‌ವಾಲ್ ಯುದ್ಧನೌಕೆ ಕೈಲಿ ಮುಳುಗ್ತು. ಇಂಥದ್ದು ಹೊಲದಲ್ಲಿ ಸಿಕ್ತು ಅಂದ್ರೆ ನಾನಂತೂ ಮೊದಲು ಡೌಟ್ ಪಡ್ತೀನಿ. ಪೂರ್ತಿ ದುಂಡಗಿದ್ದು ಹಡಗು ಸರಪಳಿ ಮುರೀತಿದ್ರೆ ಶತ್ರುಗಳ ಸಮುದ್ರ ದಿಗ್ಬಂಧನ ಭೇದಿಸಿ ಬಂದ ಹಡಗುಗಳದ್ದು.

ಈಗ ಅದನ್ನ ತಿರುಗಿಸಿ. ನಿಜ ಹೇಳ್ಬೇಕಂದ್ರೆ ಮುಂದಿನ ಮುಖಕ್ಕಿಂತ ಬೆನ್ನೇ ಜಾಸ್ತಿ ಮಾತಾಡುತ್ತೆ. ಪಿನ್ನು ಕಬ್ಬಿಣದ್ದಾಗಿದ್ರೆ ಎಂಬತ್ತು ವರ್ಷ ಮಣ್ಣಲ್ಲಿದ್ದು ತುಕ್ಕು ಹಿಡಿದು ಉದುರಿ ಹೋಗಿರುತ್ತೆ, ಕೀಲಿನ ಮೊಂಡು ಒಂದು, ಕೆಳಗೆ ಕೊಕ್ಕೆಯ ಚೂರು, ಸುತ್ತ ಕೆಂಚು ಕಲೆ ಇಷ್ಟೇ ಉಳಿದಿರುತ್ತೆ. ಅದೃಷ್ಟ ಇದ್ರೆ ತಯಾರಕರ ಗುರುತೂ ಕಾಣುತ್ತೆ, ಶ್ವೆರಿನ್ ಬರ್ಲಿನ್ 68 ಅಂತಲೋ, ವಿಯೆನ್ನಾದ ರುಡಾಲ್ಫ್ ಸೂವಾಲ್ ಕಂಪನಿದಾದ್ರೆ ಆರ್ ಎಸ್ ಅಂತಲೋ. ಬಾಕ್ವಿಲ್ ಪ್ಯಾರಿಸ್ ಅಂತ ಇದ್ರೆ ನಕಲಿ ಅಂತ ಬಿಸಾಕ್ಬೇಡಿ, ಫ್ರಾನ್ಸ್ ಜರ್ಮನ್ನರ ಕೈಗೆ ಹೋದ್ಮೇಲೆ ಬ್ರೆಸ್ಟ್, ಲೋರಿಯಾಂ ಬಂದರುಗಳಲ್ಲಿ ಬೀಡುಬಿಟ್ಟಿದ್ದ ನಾವಿಕರಿಗೆ ಪ್ಯಾರಿಸ್‌ನ ಕಂಪನಿಗಳೇ ಬ್ಯಾಡ್ಜ್ ಮಾಡಿ ಕೊಟ್ಟಿವೆ.

ಲೋಹ ನೋಡಿದ್ರೆ ಯುದ್ಧದ ಯಾವ ಹಂತದ್ದು ಅಂತ ಅಂದಾಜು ಸಿಗುತ್ತೆ. ಮೊದಮೊದಲು ತಾಂಬಾಕ್ ಅಂತ ತಾಮ್ರ ಜಾಸ್ತಿ ಇರೋ ಹಿತ್ತಾಳೆ ಥರದ ಲೋಹ, ಮೇಲೆ ಚಿನ್ನದ ಲೇಪ. ಇದು ಮಣ್ಣಲ್ಲಿ ಚೆನ್ನಾಗಿ ತಡ್ಕೊಳ್ಳುತ್ತೆ, ಹಸಿರು ಕಿಲುಬು ಹಿಡಿದಿದ್ರೂ ನೀರಲ್ಲಿ ನೆನೆಸಿದ್ರೆ ಅಲ್ಲಲ್ಲಿ ಚಿನ್ನ ಮಿಂಚುತ್ತೆ. ಯುದ್ಧ ಎಳೆದ ಹಾಗೆ ತಾಮ್ರಕ್ಕೆ ಬರ ಬಂತು, ಸತುವಿಗೆ ಇಳಿದ್ರು, ಮೇಲೆ ಬರೀ ಬಣ್ಣದ ಹಾಗೆ ತೆಳುವಾದ ಚಿನ್ನದ ಪಾಲಿಶ್, ಅದು ಮಣ್ಣಲ್ಲಿ ನಿಲ್ಲೋದೇ ಇಲ್ಲ. ಬೂದಿ ಬಣ್ಣ, ಮೈಯೆಲ್ಲ ಬಿಳಿ ಪುಡಿ, ಗುಳಿಗುಳಿ, ಅಂಚು ಸವೆದು ಹಡಗಿನ ಆಕಾರನೇ ಮಸುಕಾಗಿರುತ್ತೆ. ಇಲ್ಲಿ ಒಂದು ಮಾತು, ನಮ್ಮ ಮನೇಲಿ ದೀಪದ ಕಂಬ ತಿಕ್ಕೋ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಕ್ಕೆ ಹೋಗ್ಬೇಡಿ, ಹುಳಿ ಸತುವನ್ನೇ ತಿಂದ್ಬಿಡುತ್ತೆ. ಶುದ್ಧ ನೀರು, ಮೆತ್ತಗಿನ ಬ್ರಷ್ಷು, ಒಣಗಿಸೋದು, ಅಷ್ಟೇ.

ನಕಲಿ ವಿಷಯಕ್ಕೆ ಬಂದ್ರೆ, ಬೇಕಂತಲೇ ಆಸಿಡ್ ಹಾಕಿ ಮಣ್ಣು ಮೆತ್ತಿ ಮಾರೋ ಮಾಲು ಬೇಕಾದಷ್ಟಿದೆ. ಅದಕ್ಕೇ ಯಾವ ಜಾಗದಲ್ಲಿ, ಜೊತೆಗೆ ಏನೇನು ಇತ್ತು ಅನ್ನೋದೇ ದೊಡ್ಡ ಸಾಕ್ಷಿ. ಲಂಗರಿನ ಚಿತ್ರ ಇರೋ ಯೂನಿಫಾರ್ಮಿನ ಗುಂಡಿ ಸಿಕ್ತಾ, ಹದ್ದಿನ ಕೆಳಗೆ ಎಂ ಅಕ್ಷರ ಒತ್ತಿದ ಚಮಚನೋ ತಟ್ಟೆ ಚೂರೋ ಸಿಕ್ತಾ, ಆ ಎಂ ಅಂದ್ರೆ ನೌಕಾಪಡೆಯ ಸಾಮಾನು ಅಂತ. ಇನ್ನು ಸ್ವಸ್ತಿಕನೇ ಇಲ್ಲದೆ ಎಲ್ಲ ಸರಿಯಾಗಿದ್ರೆ ಅದು ನಕಲಿ ಆಗಿರಲೇಬೇಕು ಅಂತಿಲ್ಲ, 1957ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿ ಹಳೇ ಸೈನಿಕರು ಸ್ವಸ್ತಿಕ ತೆಗೆದ ಬ್ಯಾಡ್ಜ್ ಹಾಕ್ಕೊಬಹುದು ಅಂತ ಹೇಳ್ತು, ಆಗ ಹೊಸದಾಗಿ ಮಾಡಿದವು ಅವು. ಸಮುದ್ರದಿಂದ ದೂರ ಸಿಕ್ತು ಅಂತ ಗಾಬರಿ ಆಗೋದೂ ಬೇಡ, 1945ರಲ್ಲಿ ಹಡಗಿಲ್ಲದ ನಾವಿಕರನ್ನ ಗುಡ್ಡೆ ಹಾಕಿ ಮರೀನ್ ಇನ್‌ಫೆಂಟ್ರಿ ಡಿವಿಜನ್ ಅನ್ನೋ ಕಾಲಾಳು ಪಡೆ ಮಾಡಿ ಓಡರ್ ನದಿ ಹತ್ರ ಸೋವಿಯತ್ ಸೈನ್ಯದ ಎದುರು ನಿಲ್ಲಿಸಿದ್ರು.

ಅಗೆಯೋಕೆ ಮುಂಚೆ ಆ ದೇಶದ ಕಾನೂನು ನೋಡ್ಕೊಳ್ಳಿ. ಫ್ರಾನ್ಸಲ್ಲಿ ಇತಿಹಾಸದ ವಸ್ತು ಹುಡುಕಕ್ಕೆ ಡಿಟೆಕ್ಟರ್ ಬಳಸೋದಾದ್ರೆ ಸರ್ಕಾರದ ಪರ್ಮಿಶನ್ ಬೇಕೇ ಬೇಕು, ಜರ್ಮನಿಯಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಬೀಪ್ ಬ್ಯಾಡ್ಜಿಗೂ ಬರುತ್ತೆ ಸಿಡಿಯದೆ ಉಳಿದ ಗ್ರೆನೇಡಿಗೂ ಬರುತ್ತೆ, ಅದೂ ನೆನಪಿರಲಿ.

ಬ್ಯಾಡ್ಜಿನ ಮೇಲೆ ಅದನ್ನ ಹಾಕ್ಕೊಂಡಿದ್ದವನ ಹೆಸರು ಇರಲ್ಲ. ಹೆಸರಿಗೆ ದಾರಿ ತೋರಿಸೋದು ಕತ್ತಲ್ಲಿ ಹಾಕ್ಕೊತಿದ್ದ ಗುರುತಿನ ಬಿಲ್ಲೆ, ನಡುವೆ ಮುರಿಯಕ್ಕೆ ಬರೋ ಹಾಗೆ ಸೀಳು ಇರೋ ಅಂಡಾಕಾರದ ತಗಡು, ಅದರ ಮೇಲೆ ಕ್ರೀಗ್ಸ್‌ಮರೀನ ಅಂತ ಒತ್ತಿರುತ್ತೆ, ಒಂದು ನಂಬರ್ ಇರುತ್ತೆ, ಉತ್ತರ ಸಮುದ್ರದ ಕಡೆಯವನಾದ್ರೆ ಎನ್, ಬಾಲ್ಟಿಕ್ ಕಡೆಯವನಾದ್ರೆ ಓ. ಸತ್ತವನ ಬಿಲ್ಲೆ ಅರ್ಧ ಮುರ್ಕೊಂಡು ಹೋಗ್ತಿದ್ರು, ಇನ್ನರ್ಧ ಹೆಣದ ಜೊತೆ. ಪೂರ್ತಿ ಬಿಲ್ಲೆ ಮೂಳೆ ಜೊತೆ ಸಿಕ್ತು ಅಂದ್ರೆ ಅವನ ಸಾವು ಎಲ್ಲೂ ದಾಖಲಾಗದೇ ಇರೋ ಸಾಧ್ಯತೆ ಜಾಸ್ತಿ, ಅಲ್ಲಿಗೇ ಅಗೆಯೋದು ನಿಲ್ಲಿಸಿ ಪೊಲೀಸರಿಗೆ ಹೇಳ್ಬೇಕು, ಬ್ಯಾಡ್ಜನ್ನೂ ಜೇಬಿಗೆ ಹಾಕ್ಕೊಬಾರದು. ಆ ನಂಬರಿನ ಹಳೇ ದಾಖಲೆಗಳು 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹವಾದ ಬುಂಡೆಸ್‌ಆರ್ಖಿವ್ ಹತ್ರ, ಬರ್ಲಿನ್‌ನಲ್ಲಿ ಇವೆ.